ಸವಿತಾ ಮೇಡಂ ಹೇಳಿದ್ದಾರೆ

ಸಕ್ಕರೆ ಕಾಯಿಲೆ ಇದೆ ಎಂದು ಹೇಳಿಕೊಳ್ಳಲು ನಮ್ಮ ಕುವೆಂಪುನಗರದಲ್ಲಿ ಯಾರೂ ನಾಚುವುದಿಲ್ಲ. ಬೆಳಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತರೆ ಸಾಕು, ಪಕ್ಕದವರು ತಮ್ಮ ಸಕ್ಕರೆ, ರಕ್ತದೊತ್ತಡ, ಮಂಡಿನೋವು, ಗ್ಯಾಸ್ಟ್ರಿಕ್ ಎಲ್ಲವನ್ನೂ ಮಗಳ ಮದುವೆಯ ಆಲ್ಬಮ್ ತೋರಿಸುವಷ್ಟೇ ಸಂಭ್ರಮದಿಂದ ಬಿಡಿಸಿ ತೋರಿಸುತ್ತಾರೆ. ಆದರೆ "ನನಗೆ ಹೊಟ್ಟೆಕಿಚ್ಚು ಕಣ್ರೀ, ಈಚೆಗೆ ಸ್ವಲ್ಪ ಜಾಸ್ತಿಯಾಗಿದೆ" ಎಂದವರನ್ನು ನಾನು ಈವರೆಗೆ ಕಂಡಿಲ್ಲ. ಅದಕ್ಕೆ ಇನ್ನೂ ಮಾತ್ರೆ ಬಂದಿಲ್ಲ, ಅದೇ ಕಾರಣವಿರಬೇಕು. ಇರಲಿ, ಯಾರಾದರೂ ಒಬ್ಬರು ಶುರು ಮಾಡಬೇಕಲ್ಲ. ನನಗೆ ಹೊಟ್ಟೆಕಿಚ್ಚು ಇದೆ. ಅದು ನನಗೆ ಬಂದದ್ದು ಪಕ್ಕದ ಮನೆಯವರ ಒಡವೆ ನೋಡಿ ಅಲ್ಲ, ವಾರಗಿತ್ತಿಯ ಸೀರೆ ನೋಡಿಯೂ ಅಲ್ಲ. ಕಂಪ್ಯೂಟರಿನ ಡಬ್ಬದೊಳಗೆ ಒಂದು ಸಣ್ಣ ಫ್ಯಾನು ತಿರುಗುತ್ತದಲ್ಲ, ಅಲ್ಲಿಂದ ಶುರುವಾಯಿತು.

ನಮ್ಮ ಯಜಮಾನರ ಹೆಸರು ಶಿವಪ್ರಕಾಶ. ಇವರ ಮನೆತನದ್ದು ತಂದೆಯ ಕಾಲದಿಂದಲೂ ಹಾರ್ಡ್‌ವೇರ್ ಅಂಗಡಿ. ಹಾರ್ಡ್‌ವೇರ್ ಎಂದರೆ ಮೊಳೆ, ತಿರುಪು, ಚಿಲಕ, ಬೀಗ, ಬಾಗಿಲ ಕೀಲು, ಬಣ್ಣದ ಡಬ್ಬ. ಮದುವೆಯಾಗಿ ಬಂದ ಹೊಸದರಲ್ಲಿ ಇವರ ಅಂಗಿ ಒಗೆಯುವ ಮುನ್ನ ಜೇಬು ತಡಕಿ ತಿರುಪುಗಳನ್ನು ಆರಿಸುವುದೇ ನನಗೊಂದು ಕೆಲಸವಾಗಿತ್ತು. ಈಚೆಗೆ ಅಂಗಡಿಯನ್ನು ತಮ್ಮನ ಕೈಗೆ ಒಪ್ಪಿಸಿ, ಒಂದು ಕ್ಯಾಮೆರಾ ಕೊಂಡು, ಬೆಳಗಾದರೆ ಕೆರೆಯ ಏರಿಯ ಮೇಲೆ ಹಕ್ಕಿಗಳ ಹಿಂದೆ ಬಿದ್ದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಿವೃತ್ತಿ ಹತ್ತಿರವಾಗಿದ್ದರೂ ಇನ್ನೂ ಬಂದಿಲ್ಲ. ಹಾಗಾಗಿ ಬೆಳಗ್ಗೆ ನಾನು ಉತ್ತರ ಪತ್ರಿಕೆಗಳ ಚೀಲ ಹೊತ್ತು ಸ್ಕೂಟರ್ ಏರುವ ಹೊತ್ತಿಗೆ ಇವರು ಕೊಕ್ಕರೆಗಳನ್ನು ಹೊತ್ತು ಮನೆಗೆ ಬರುತ್ತಿದ್ದರು. ಆ ಕೊಕ್ಕರೆಗಳೇ ತೊಂದರೆ ತಂದದ್ದು. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಒಂದು ಫೋಟೋ ತೆರೆದರೆ ಮೊದಲು ಕೊಕ್ಕು ಕಾಣಿಸಿ, ಆಮೇಲೆ ಕುತ್ತಿಗೆ ಇಳಿದು, ಕಾಲು ನೀರಿಗೆ ತಾಗುವಷ್ಟರಲ್ಲಿ ಇವರ ಕಾಫಿ ಆರಿ ತಣ್ಣಗಾಗಿರುತ್ತಿತ್ತು.

ಒಂದು ದಿನ ಇವರು ಗಂಭೀರವಾಗಿ, "ಗಿರಿಜಾ, ನಾನೊಂದು ಹೊಸ ಕಂಪ್ಯೂಟರ್ ಕಟ್ತೀನಿ" ಎಂದರು.

"ಕಟ್ಟೋದು ಅಂದ್ರೇನ್ರೀ? ಅದೇನು ಮನೇನಾ, ಹಟ್ಟಿನಾ? ಅಂಗಡಿಗೆ ಹೋಗಿ ತಗೊಂಡ್ ಬನ್ನಿ."

"ನಿನಗೆ ಗೊತ್ತಾಗಲ್ಲ ಸುಮ್ನಿರು. ಒಂದೊಂದು ಭಾಗಾನೂ ನೋಡಿ, ಹೋಲಿಸಿ, ಬೇರೆ ಬೇರೆ ತಂದು, ನಾವೇ ಜೋಡಿಸ್ಬೇಕು. ಹಾರ್ಡ್‌ವೇರ್ ನಮ್ಮ ರಕ್ತದಲ್ಲೇ ಇದೆ."

ರಕ್ತದಲ್ಲಿ ಇರುವುದು ಮೊಳೆ ಮತ್ತು ಚಿಲಕ ಎಂದು ಹೇಳೋಣವೆನಿಸಿತು. ಆದರೆ ಅಂಗಡಿ ಬಿಟ್ಟಮೇಲೆ ಇವರ ಮುಖದಲ್ಲಿ ಅಷ್ಟು ಉತ್ಸಾಹ ಕಂಡದ್ದೇ ಅಪರೂಪ.

ಆಮೇಲಿನ ಭಾನುವಾರವೇ ಇರಬೇಕು, ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಹಾಲ್ ಕಡೆಯಿಂದ ಒಂದು ಹೆಣ್ಣುದನಿ, ಬೆಲ್ಲ ಕರಗಿದಂತೆ, "ಬಿಚ್ಚಿ ನೋಡೋಣ ಬನ್ನಿ!" ಎಂದು ಕರೆಯಿತು. ಹಿಂದೆಯೇ ನಮ್ಮ ಯಜಮಾನರು "ಆಹಾ!" ಎಂದದ್ದೂ ಕೇಳಿಸಿತು. ಹಿಟ್ಟಿನ ಕೈಯಲ್ಲೇ ಓಡಿಬಂದೆ. ಇವರು ಮೊಬೈಲನ್ನು ಹೂದಾನಿಗೆ ಒರಗಿಸಿಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಪರದೆಯ ಮೇಲೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು, ಮಲ್ಲಿಗೆ ಮುಡಿದು, ಒಂದು ರಟ್ಟಿನ ಡಬ್ಬಕ್ಕೆ ಚಾಕು ಹಾಕಿ ಬಿಚ್ಚುತ್ತಿದ್ದಳು. ಒಳಗಿನಿಂದ ಕಪ್ಪು ಫ್ಯಾನೊಂದು ಹೊರಬಂತು.

"ಯಾರ್ರೀ ಇವಳು?"

"ಇವಳು ಅನ್ಬೇಡ. ಸವಿತಾ ಮೇಡಂ. ಕಂಪ್ಯೂಟರ್ ಸಾಮಾನುಗಳನ್ನ ಪರೀಕ್ಷೆ ಮಾಡಿ, ಯಾವುದು ತಗೋಬೇಕು ಯಾವುದು ಬಿಡಬೇಕು ಅಂತ ಹೇಳ್ತಾರೆ. ಕಾರ್ಯಕ್ರಮದ ಹೆಸರೇ 'ಬಿಚ್ಚಿ ನೋಡೋಣ ಬನ್ನಿ'."

ಬಿಚ್ಚುವುದು ಡಬ್ಬ ಎಂದು ತಿಳಿದು ನೆಮ್ಮದಿಯಾಯಿತು. ಆದರೆ ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಮಾತು ಶುರುವಾದರೂ "ಸವಿತಾ ಮೇಡಂ ಹೇಳಿದ್ದಾರೆ" ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ಕರೆಂಟು ಹೋದರೆ, ಪವರ್ ಸಪ್ಲೈ ಬಗ್ಗೆ ಮೇಡಂ ಹೇಳಿದ್ದು. ಸೆಕೆಯಾದರೆ, ಡಬ್ಬದೊಳಗೆ ಗಾಳಿ ಆಡುವ ಬಗ್ಗೆ ಮೇಡಂ ಹೇಳಿದ್ದು. ಮಗಳು ತುಮಕೂರಿನಿಂದ ಫೋನ್ ಮಾಡಿ ಅಳಿಯನಿಗೆ ನೆಗಡಿ ಎಂದರೆ, ಅವಳಿಗೂ ಮೇಡಂ ಹೇಳಿದ ಯಾವುದೋ ಕ್ಯಾಬಿನೆಟ್ಟಿನ ಕಥೆ. ಫ್ಯಾನು ತಿರುಗುವಾಗ ಎಷ್ಟು ಸದ್ದು ಮಾಡುತ್ತದೆ, ಯಾವ ಕಂಪನಿಯದು ಪಿಸುಗುಡುತ್ತದೆ, ಯಾವುದು ಗೊಣಗುತ್ತದೆ ಎಂದು ಇವರು ವಾರಗಟ್ಟಲೆ ಕಿವಿಗೊಟ್ಟು ಕೇಳಿದರು. ನಮ್ಮ ಮಿಕ್ಸಿ ಹಾಕಿದರೆ ಬೀದಿಯ ನಾಯಿಗಳು ಮುಂದಿನ ಕ್ರಾಸಿಗೆ ಓಡಿಹೋಗುತ್ತವೆ. ಅದನ್ನು ತರುವಾಗ ಇವರು ಅಂಗಡಿಯವನು ಮೊದಲು ಕೈಗೆ ಕೊಟ್ಟದ್ದನ್ನೇ ಚೀಲಕ್ಕೆ ಹಾಕಿಕೊಂಡು ಬಂದಿದ್ದರು. ಅದರ ಸದ್ದಿನ ಬಗ್ಗೆ ನಾನು ದೂರಿದಾಗ ಇವರು ಕೊಟ್ಟ ಪರಿಹಾರ, "ಚಟ್ನಿ ಮಾಡುವಾಗ ಬಾಗಿಲು ಹಾಕ್ಕೋ" ಎಂಬುದು.

ಒಂದು ಹಳೆಯ ವಿಚಾರವೂ ಆಗ ಮನಸ್ಸಿನಲ್ಲಿ ಎದ್ದು ಕೂತಿತು. ನನ್ನನ್ನು ನೋಡಲು ಬಂದ ದಿನ ಇವರು ಒಂದು ತಟ್ಟೆ ಕೇಸರಿಬಾತು ಮುಗಿಸುವಷ್ಟರಲ್ಲಿ ಒಪ್ಪಿಗೆ ಎಂದುಬಿಟ್ಟಿದ್ದರು. ಅದನ್ನು ಪ್ರೇಮವೆಂದೇ ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಈಗ ಅನುಮಾನ ಹತ್ತಿಕೊಂಡಿತು. ಒಂದು ಕೀಬೋರ್ಡಿಗೆ ಇಡೀ ಮಳೆಗಾಲ ಯೋಚಿಸುವ ಮನುಷ್ಯ ಹೆಂಡತಿಯ ವಿಷಯಕ್ಕೆ ಕೇಸರಿಬಾತಿನಷ್ಟು ಹೊತ್ತು ಮಾತ್ರ ಯೋಚಿಸಿದ್ದಾನೆಂದರೆ ಏನರ್ಥ? ಬೇರೆ ಮಾಡೆಲ್ಲುಗಳ ಜೊತೆ ಹೋಲಿಸಿಯೂ ನೋಡಲಿಲ್ಲವಲ್ಲ! ಇದನ್ನು ಇವರ ಮುಂದೆ ಆಡಿದೆ. "ಆಗ ಸವಿತಾ ಮೇಡಂ ಇರಲಿಲ್ವಲ್ಲ" ಎಂದರು. ತಮಾಷೆಗೇ ಅಂದಿರಬೇಕು. ನಾನು ಆ ದಿನ ಸಾರಿಗೆ ಉಪ್ಪು ಹಾಕಲಿಲ್ಲ, ಅದೂ ತಮಾಷೆಗೇ.

ಕೀಬೋರ್ಡಿನ ವಿಷಯ ಹೇಳಲೇಬೇಕು. ಗುಂಡಿಗಳ ಅಡಿಯಲ್ಲಿ ನೀಲಿ, ಕೆಂಪು, ಕಂದು ಎಂದು ಬೇರೆ ಬೇರೆ ಬಣ್ಣದ ಸ್ವಿಚ್ಚುಗಳಿರುತ್ತವಂತೆ. ಒಂದೊಂದರ ಸದ್ದೂ ಬೇರೆಯಂತೆ. ಆಕೆ ಒಂದೊಂದನ್ನೇ ಒತ್ತುತ್ತಾ ಹೋದರೆ ಇವರು ಕಣ್ಣು ಮುಚ್ಚಿ, ಕಛೇರಿಯ ಮುಂದಿನ ಸಾಲಿನಲ್ಲಿ ಕೂತ ರಸಿಕರಂತೆ ತಲೆದೂಗುತ್ತಿದ್ದರು. ನನಗೂ ಕೇಳಿಸಿದರು. "ಇದು ನೀಲಿ. ಈಗ ಕೆಂಪು. ವ್ಯತ್ಯಾಸ ಗೊತ್ತಾಯ್ತಾ?" ನನಗೆ ಎರಡೂ ಪಕ್ಕದ ಮನೆಯವರು ಅವರೆಕಾಳು ಬಿಡಿಸಿದ ಹಾಗೆ ಕೇಳಿಸಿತು. "ನಿನಗೆ ಕಿವಿಯೇ ಇಲ್ಲ" ಎಂದರು. ಮಾರನೆಯ ದಿನ ಪೆಟ್ಟಿಗೆಯಲ್ಲಿದ್ದ ಹಸಿರು ಗಾಜಿನ ಬಳೆಗಳನ್ನು ತೆಗೆದು ಕೈ ತುಂಬ ತೊಟ್ಟು, ಇವರ ಮುಂದೆಯೇ ಅತ್ತಿಂದಿತ್ತ ಓಡಾಡಿದೆ. ಬೇಕೆಂದೇ ಮೇಜು ಒರೆಸಿದೆ. ಇವರು ಮೊಬೈಲಿನಿಂದ ತಲೆಯೆತ್ತದೆ, "ಗಿರಿಜಾ, ಸ್ವಲ್ಪ ಸದ್ದು ಮಾಡ್ಬೇಡ, ಕಂದು ಕೇಳಿಸ್ತಾ ಇಲ್ಲ" ಎಂದರು.

ಅಂದೇ ನಾನು ಆಕೆಯ ವಿಡಿಯೋಗಳನ್ನು ನೋಡಲು ಕುಳಿತದ್ದು, ತಪ್ಪು ಹುಡುಕಬೇಕೆಂಬ ಏಕೈಕ ಉದ್ದೇಶದಿಂದ. ಕನ್ನಡ ಟೀಚರಿಗೆ ತಪ್ಪು ಹುಡುಕುವುದು ಕಷ್ಟವೇ? ಆಕೆಯ ಬಾಯಲ್ಲಿ ಹಕಾರವೇ ಇರಲಿಲ್ಲ. ಹಾರ್ಡ್ ಡಿಸ್ಕು 'ಆರ್ಡ್ ಡಿಸ್ಕು', ಹೆಡ್‌ಫೋನು 'ಎಡ್‌ಫೋನು', ಹೊಸದು 'ಒಸದು'. "ನೋಡಿದ್ರಾ ನಿಮ್ಮ ಮೇಡಂ ಕನ್ನಡ!" ಎಂದೆ. "ವಿಷಯ ನೋಡು, ವಿಷಯ" ಎಂದರು. ನೋಡಿದೆ. ಅದೇ ನಾನು ಮಾಡಿದ ತಪ್ಪು. ಪವರ್ ಸಪ್ಲೈ ಎಂದರೇನು ಎಂದು ಆಕೆ ವಿವರಿಸುತ್ತಿದ್ದಳು: "ಇದು ಮನೇಲಿ ಅಡುಗೆ ಬಡಿಸೋ ಅಮ್ಮ ಇದ್ದಂಗೆ ಕಣ್ರಪ್ಪ. ಯಾರ್‌ಗೆ ಎಷ್ಟು ಬೇಕೋ ಅಷ್ಟೇ ಬಡಿಸ್ಬೇಕು. ಒಬ್ಬನಿಗೆ ಜಾಸ್ತಿ ಆದ್ರೆ ಅಜೀರ್ಣ, ಇನ್ನೊಬ್ಬನಿಗೆ ಕಮ್ಮಿ ಆದ್ರೆ ತಲೆಸುತ್ತು. ಇದ್ರಲ್ಲಿ ಮಾತ್ರ ಜುಗ್ಗತನ ಮಾಡ್ಬೇಡಿ." ಏನೂ ಗೊತ್ತಿಲ್ಲದ ನನಗೂ ಒಂದೇ ಏಟಿಗೆ ಅರ್ಥವಾಯಿತು. ಅರ್ಥವಾದದ್ದೇ ತಡ, ಹೊಟ್ಟೆಯಲ್ಲಿ ಇನ್ನೊಂದು ಕಡೆಯೂ ಉರಿ ಹತ್ತಿತು. ನಾನು ಹಳಗನ್ನಡ ಪಾಠ ಮಾಡಿದರೆ ಹಿಂದಿನ ಬೆಂಚು ಸಾಲಾಗಿ ತೂಕಡಿಸುತ್ತದೆ. ಇವಳು ತಂತಿಯ ಗಂಟು ತೋರಿಸಿ ಮಾತಾಡಿದರೆ ಊರಿಗೂರೇ ಬಾಯಿ ಬಿಟ್ಟುಕೊಂಡು ಕೇಳುತ್ತದೆ. ಗಂಡನ ವಿಷಯಕ್ಕೆ ಬಂದ ಹೊಟ್ಟೆಕಿಚ್ಚನ್ನು ಹೇಗಾದರೂ ಸಹಿಸಬಹುದು. ಕಸುಬಿನ ವಿಷಯಕ್ಕೆ ಬಂದದ್ದು ಬೇಗ ಆರುವುದಿಲ್ಲ.

ಅಂತೂ ಸಾಮಾನುಗಳು ಒಂದೊಂದಾಗಿ ಬಂದವು. ಮದರ್‌ಬೋರ್ಡು ಬಂತು, ಪ್ರೊಸೆಸರು ಬಂತು, ಪಕ್ಕಕ್ಕೆ ಗಾಜಿನ ಬಾಗಿಲಿರುವ ಕ್ಯಾಬಿನೆಟ್ಟು ಬಂತು. ಎಲ್ಲವೂ ಊಟದ ಮೇಜಿನ ಮೇಲೆ ಬೀಡುಬಿಟ್ಟವು. ನಾವು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಉಣ್ಣುವಂತಾಯಿತು. ಕೊನೆಗೊಂದು ಸೋಮವಾರ ಇವರು ಸ್ನಾನ ಮಾಡಿ, ತಮ್ಮ ತಂದೆಯ ಕಾಲದ ತಿರುಪುಳಿ ಹಿಡಿದು, ಬೆಳಗ್ಗಿನಿಂದ ಜೋಡಿಸುತ್ತಾ ಕೂತರು. ಸಂಜೆಯ ಹೊತ್ತಿಗೆ ಗಾಜಿನ ಬಾಗಿಲಿಗೆ ವಿಭೂತಿ ಹಚ್ಚಿ, ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಸ್ವಿಚ್ಚು ಒತ್ತಿದರು. ಫ್ಯಾನುಗಳು ಸದ್ದಿಲ್ಲದೆ ತಿರುಗಿದವು. ಒಳಗೆಲ್ಲ ಗಣಪತಿ ಪೆಂಡಾಲಿನಂತೆ ಬಣ್ಣಬಣ್ಣದ ದೀಪ ಹೊತ್ತಿಕೊಂಡಿತು. ಆದರೆ ಮಾನಿಟರ್ ಮಾತ್ರ ಕಪ್ಪಗೆ ಕೂತಿತ್ತು. ಆರಿಸಿದರು, ಮತ್ತೆ ಒತ್ತಿದರು. ದೀಪ, ಫ್ಯಾನು, ಕತ್ತಲು. ಇವರ ಮುಖ ಬಾಡಿತು. "ಛೆ ಛೆ, ಯಾಕ್ರೀ ಹೀಗಾಯ್ತು?" ಎಂದು ನಾನು ಮರುಗಿದೆ. ಹಾಗೆ ಮರುಗುತ್ತಲೇ ಅಡುಗೆಮನೆಗೆ ಹೋದವಳು, ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ, ನನಗೇ ಅರಿವಿಲ್ಲದೆ ಪಾಯಸಕ್ಕೆ ಶಾವಿಗೆ ಹುರಿಯುತ್ತಿದ್ದೆ.

ಇವರು ಆ ಮೇಡಂನ ವಿಡಿಯೋದ ಕೆಳಗೆ ತಮ್ಮ ಕಷ್ಟವನ್ನು ತೋಡಿಕೊಂಡರು. ಹಿಂದೆಯೂ ಇವರು ಬರೆದ ಕಾಮೆಂಟುಗಳಿಗೆ ಆಕೆ ಒಂದು ಕೆಂಪು ಹೃದಯದ ಚಿತ್ರ ಹಾಕುತ್ತಿದ್ದಳು. ಅದನ್ನು ಇವರು ನನಗೆ ತೋರಿಸುತ್ತಿದ್ದರು, ನಾನು ತರಕಾರಿ ಹೆಚ್ಚುತ್ತಿದ್ದೆ. ಈ ಸಲ ಉತ್ತರವೇ ಬಂತು: "ಮೈಸೂರಾ ಸಾರ್? ನಂದು ಕುಂಬಾರಕೊಪ್ಪಲು. ಭಾನುವಾರ ಬಂದು ನೋಡ್ತೀನಿ. ಜೋಡಿಸುವಾಗ ಆಗೋ ತಪ್ಪುಗಳ ಮೇಲೆ ಒಂದು ವಿಡಿಯೋ ಮಾಡ್ಬೇಕು ಅಂತಿದ್ದೆ, ನೀವು ಒಪ್ಪಿದ್ರೆ." ಇವರು ಒಪ್ಪಿದ ವೇಗಕ್ಕೆ ಹೊಸ ಪ್ರೊಸೆಸರೂ ನಾಚಬೇಕು.

ಭಾನುವಾರ ಇವರು ತಮ್ಮನ ಮಗನ ಮದುವೆಗೆ ಹೊಲಿಸಿದ ಅಂಗಿ ತೊಟ್ಟರು. ನಮ್ಮ ಆರತಕ್ಷತೆಗೂ ಇಷ್ಟು ನುಣ್ಣಗೆ ಗಡ್ಡ ಹೆರೆದಿದ್ದರೋ ಇಲ್ಲವೋ, ಫೋಟೋ ತೆಗೆದು ನೋಡಬೇಕು. ನನಗೆ ಸೀರೆಯದೇ ಚಿಂತೆ. ರೇಷ್ಮೆ ಉಟ್ಟರೆ ಅವಳಿಗೆ ಮರ್ಯಾದೆ ಕೊಟ್ಟ ಹಾಗೆ, ಮನೆಯ ಸೀರೆ ಉಟ್ಟರೆ ನಾನೇ ಸೋತ ಹಾಗೆ. ಕೊನೆಗೆ ಈಗತಾನೆ ಯಾವುದೋ ಸಮಾರಂಭದಿಂದ ಬಂದೆ ಎಂಬಂತೆ ಕಾಣುವ ಒಂದು ಸೀರೆಯುಟ್ಟು, ಅಕ್ಕಿರೊಟ್ಟಿಗೆ ಹಿಟ್ಟು ಕಲಸಿದೆ. ಕೈಯಡುಗೆಯಲ್ಲಾದರೂ ಆಕೆಯನ್ನು ಸೋಲಿಸಬೇಕು ಎಂಬುದು ನನ್ನ ಲೆಕ್ಕ.

ಸ್ಕೂಟರ್ ಬಂದು ನಿಂತಿತು. ಪರದೆಯ ಮೇಲೆ ಅಷ್ಟು ದೊಡ್ಡದಾಗಿ ಕಾಣುತ್ತಿದ್ದ ಸವಿತಾ ಮೇಡಂ ನನ್ನ ಭುಜಕ್ಕೆ ಬರುವಷ್ಟು ಎತ್ತರದ, ದುಂಡು ಮುಖದ ಹೆಂಗಸು. ಹೆಲ್ಮೆಟ್ ತೆಗೆದಾಗ ಮಲ್ಲಿಗೆ ದಂಡೆ ಅಪ್ಪಚ್ಚಿಯಾಗಿತ್ತು. ಇವರು ಬಾಗಿಲಲ್ಲೇ ಕೈಮುಗಿದು ಸ್ವಾಗತ ಭಾಷಣ ಆರಂಭಿಸಿದರು. ಆಕೆ ಅರ್ಧಕ್ಕೇ ಮೂಗರಳಿಸಿ, "ಒಸಿ ಇರಿ ಸಾರ್... ಅಕ್ಕಾ, ಉಚ್ಚೆಳ್ಳು ಚಟ್ನಿ ಅಲ್ವಾ ಅದು?" ಎಂದಳು.

"ಹೌದು. ಹೇಗೆ ಗೊತ್ತಾಯ್ತು?"

"ಎಂಗೆ ಅಂದ್ರೆ! ನಮ್ಮವ್ವ ಉರೀತಿದ್ರೆ ಕೇರಿಗೆಲ್ಲ ಗೊತ್ತಾಗೋದು ಕಣಕ್ಕ. ಈ ಊರಲ್ಲಿ ಯಾರೂ ಮಾಡಲ್ಲ ಅನ್ಕೊಂಡಿದ್ದೆ. ನಂಗೊಂದ್ ರೊಟ್ಟಿ ಇಟ್ಟಿರಿ, ಮರೀಬೇಡಿ."

ನನ್ನೊಳಗಿನ ಹಕಾರದ ಮೇಷ್ಟ್ರಮ್ಮ ಬಾಯಿ ತೆರೆದವಳು, ಯಾಕೋ ಹಾಗೇ ಮುಚ್ಚಿಕೊಂಡಳು.

ಸವಿತಾ ಮೊಬೈಲನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ, ವಿಡಿಯೋ ಶುರು ಮಾಡಿ, ಗಾಜಿನ ಬಾಗಿಲು ತೆಗೆದಳು. ವಿಭೂತಿ ನೋಡಿ ಕೈಮುಗಿದಳು. ತಂತಿಗಳನ್ನು ನೋಡಿ, "ಪರ್ವಾಗಿಲ್ಲ, ನೀಟಾಗ್ ಕಟ್ಟಿದ್ದೀರಿ" ಎಂದಾಗ ಇವರು ಅರ್ಧ ಅಡಿ ಎತ್ತರವಾದರು. ಆಮೇಲೆ ಬಾಚಣಿಗೆಯಂಥ ಒಂದು ಪಟ್ಟಿಯ ಮೇಲೆ ಬೆರಳಿಟ್ಟು, "ಇದೇ ನೋಡಿ" ಎಂದಳು. ಅದು ರ‍್ಯಾಮು, ಕಂಪ್ಯೂಟರು ಕೆಲಸ ಮಾಡುವಾಗ ವಿಷಯಗಳನ್ನು ನೆನಪಿಟ್ಟುಕೊಳ್ಳುವ ಭಾಗ. ತನ್ನ ಗೂಡಿನೊಳಗೆ ಅದು ಪೂರ್ತಿ ಕೂತಿರಲಿಲ್ಲ, ಸುಮ್ಮನೆ ಒರಗಿಕೊಂಡಿತ್ತು.

"ನೀವೇ ತಾನೆ ಮೇಡಂ ನಾಜೂಕಾಗಿ ಕೂರಿಸಿ ಅಂದದ್ದು?" ಇವರ ದನಿಯಲ್ಲಿ ನೋವಿತ್ತು.

"ನಾಜೂಕು ಅಂದ್ರೆ ಇಷ್ಟೊಂದಾ ಸಾರ್! ಅಸುಗೂಸು ಮಲಗಿಸ್ದಂಗೆ ಮಲಗಿಸಿದ್ದೀರಲ್ಲ. ಸದ್ದು ಬರೋಗಂಟ ಅದುಮ್ಬೇಕು. ಅಕ್ಕಾ, ನೀವು ಬನ್ನಿ. ರೊಟ್ಟಿ ತಟ್ಟೋ ಕೈ, ಬಿಗಿ ಗೊತ್ತಿರ್ತದೆ. ಕೈ ಒರೆಸ್ಕೊಂಡು ಒತ್ತಿ."

"ಅಯ್ಯೋ, ನಾನಾ? ಮುರಿದುಹೋದ್ರೆ?"

"ಮುರಿಯಲ್ಲ ಬುಡಿ, ನಾನಿಲ್ವಾ?"

ಈ ಕಂಪ್ಯೂಟರು ಎಂದೂ ಶುರುವಾಗದಿರಲಿ ಎಂದು ಒಂದು ವಾರದಿಂದ ಒಳಗೊಳಗೇ ಹಾರೈಸಿದವಳು ನಾನು. ಈಗ ಅದರ ಹಣೆಬರಹವೇ ನನ್ನ ಹೆಬ್ಬೆರಳಿನ ಕೆಳಗಿತ್ತು. ಇವರನ್ನು ನೋಡಿದೆ. ಕೊಕ್ಕರೆ ಹಾರಿಹೋಗುತ್ತದೇನೋ ಎಂದು ಉಸಿರು ಬಿಗಿಹಿಡಿದು ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದರು. ಒತ್ತಿದೆ. ಟಕ್ ಎಂದಿತು. ಸ್ವಿಚ್ಚು ಹಾಕಿದರೆ ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿಬಂದವು. ಇವರು "ಬಂತು! ಗಿರಿಜಾ, ಬಂತು!" ಎಂದು ನನ್ನ ಕೈಯನ್ನು, ಬಳೆಗಳ ಸಮೇತ, ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. ಮಗಳು ಹುಟ್ಟಿದ ಸುದ್ದಿ ಹೇಳಿದಾಗ ಹೀಗೇ ಹಿಡಿದಿದ್ದರು. ನಾನು ಆ ಹೊತ್ತಿಗೆ ಯಾರ ಮೇಲೂ ಹೊಟ್ಟೆಕಿಚ್ಚು ಪಡಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಅಂಥ ಹೊತ್ತು ಈ ಬರಹದಲ್ಲಿ ಇನ್ನೊಂದು ಬರುವುದಿಲ್ಲ.

ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರು ಇಳಿಯುವವರೆಗೆ ರೊಟ್ಟಿ ತಿನ್ನುತ್ತಾ ಕುಳಿತೆವು. ಸವಿತಾ ತನ್ನ ಚೀಲದಿಂದ ಬೇರೆ ಬೇರೆ ಕಂಪನಿಯ ಮೌಸುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ವಿಡಿಯೋದ ಕೊನೆಗೆ ಅವನ್ನೂ ಪರೀಕ್ಷಿಸಬೇಕಿತ್ತಂತೆ. "ಸಾರ್ ಎಂಗೂ ಎಲ್ಲಾ ಓದ್ಕೊಂಡವ್ರೆ. ಏನೂ ಗೊತ್ತಿಲ್ದೋರು ಇಡ್ಕೊಂಡು ಎಂಗೈತೆ ಅಂತ ಏಳ್ಬೇಕು. ಅಕ್ಕಾ, ನೀವು ಇಡ್ಕೊಳಿ" ಎಂದಳು. ಏನೂ ಗೊತ್ತಿಲ್ಲದವಳು ಎಂದದ್ದಕ್ಕೆ ಸ್ವಲ್ಪ ಚುರುಕ್ ಎಂದರೂ ಹಿಡಿದುಕೊಂಡೆ.

"ಇದು ನೀರಲ್ಲಿ ನೆನೆದ ಸೋಪಿನ ಹಾಗಿದೆ ಕಣಮ್ಮ. ಹಿಡಿದಷ್ಟೂ ಜಾರುತ್ತೆ."

ಸವಿತಾ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು. "ಇದು?"

"ಇದು ಎಳೇ ಬದನೆಕಾಯಿ. ಅಂಗೈಯಲ್ಲಿ ತಾನೇ ಬಂದು ಕೂರುತ್ತೆ, ಬಿಡೋಕೆ ಮನಸ್ಸಾಗಲ್ಲ."

"ಮತ್ತೆ ಇದು?"

"ಪರೀಕ್ಷೆ ಹಾಲಿನಲ್ಲಿ ಉತ್ತರ ಬರದ ಹುಡುಗರು ಪೆನ್ನು ಟಕಟಕ ಅನ್ನಿಸ್ತಾ ಕೂತಿರ್ತಾರಲ್ಲ, ಆ ಸದ್ದು. ತಲೆನೋವು."

ಸವಿತಾ ತಟ್ಟೆ ಪಕ್ಕಕ್ಕಿಟ್ಟು, "ಅಕ್ಕೋ, ಇಷ್ಟು ದಿನ ಎಲ್ಲಿದ್ರಿ ನೀವು!" ಎಂದು ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ಇವರು ಸ್ವಲ್ಪ ಮುಂದಕ್ಕೆ ಬಾಗಿ, ಮೌಸಿನ ಸಂವೇದಕದ ನಿಖರತೆಯ ಬಗ್ಗೆ ಏನೋ ಹೇಳಹೊರಟರು. "ಸಾರ್, ಒಸಿ ಆ ಕಡೆ ಬನ್ನಿ, ಅಕ್ಕನ ಮುಖ ಮರೆಯಾಯ್ತದೆ" ಎಂದಳು ಸವಿತಾ.

ವಿಡಿಯೋ ಬಂದಮೇಲೆ ನಮ್ಮ ಮನೆಯ ಹವಾಮಾನವೇ ಬದಲಾಯಿತು. ಅದರಲ್ಲಿ ನನ್ನ ಹೆಬ್ಬೆರಳು ಬಂದಿತ್ತು, ಬಳೆ ಬಂದಿತ್ತು, ಸೋಪು ಬದನೆಕಾಯಿಗಳೆಲ್ಲ ಬಂದಿದ್ದವು. "ಕುವೆಂಪುನಗರದ ನಮ್ಮ ಅಕ್ಕ ಏಳಿದ್ರು" ಎಂದು ಸವಿತಾ ಮತ್ತೆ ಮತ್ತೆ ಹೇಳಿದ್ದಳು. ಕೆಳಗೆ ಜನ ಬರೆದಿದ್ದರು: ಅಕ್ಕ ಸೂಪರ್, ಅಕ್ಕನನ್ನು ಪುನಃ ಕರೆಸಿ, ನಾನು ಬದನೆಕಾಯಿಯನ್ನೇ ಕೊಂಡೆ. ಕಂಪ್ಯೂಟರನ್ನು ಆರಿಸಿ, ಹೋಲಿಸಿ, ಮಳೆಗಾಲವಿಡೀ ತಪಸ್ಸು ಮಾಡಿದ ಇವರ ಬಗ್ಗೆ ಸವಿತಾ ಆಡಿದ್ದು ಒಂದೇ ಒಂದು ಮಾತು: "ಇಂದೆ ನಿಂತಿರೋರು ಅಕ್ಕನ ಮನೆಯವ್ರು." ಇವರು ಅದನ್ನು ಹಿಂದೆ ಮುಂದೆ ಮಾಡಿ ನೋಡಿ, "ಹೆಸರೂ ಹೇಳಲಿಲ್ವಲ್ಲ" ಎಂದು ಮೊಬೈಲನ್ನು ಮಗುಚಿಟ್ಟರು. ಪಾಪ ಎನ್ನಿಸಿತು. ಬಹಳ ಹಿತವಾಗಿಯೂ ಇತ್ತು. ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗರು ಎಚ್ಚರವಾಗಿ ಕೂತಿದ್ದರು. ಅಲಂಕಾರದ ಪಾಠ ಬಂದಾಗ ಒಬ್ಬ, "ಮಿಸ್, ಉಪಮೆಗೆ ಬದನೆಕಾಯಿ ಮೌಸ್ ಬರೀಬಹುದಾ?" ಎಂದು ಕೇಳಿದ. ಬರೆಯಬಹುದು ಎಂದೆ.

ಆಮೇಲೆ ಸವಿತಾ ಆಗಾಗ ಬರತೊಡಗಿದಳು. ವೆಬ್‌ಕ್ಯಾಮು ತಂದಳು, ಸ್ಪೀಕರು ತಂದಳು, ಕಂಪ್ಯೂಟರ್ ಮುಂದೆ ಕೂರುವ ಕುರ್ಚಿಯ ಫೋಟೋ ತಂದಳು. ನಾನು ಸೋಫಾದ ಮೇಲೆ ಕುಳಿತು, ಮುಟ್ಟಿ, ತಟ್ಟಿ, ಅಭಿಪ್ರಾಯ ಕೊಡುತ್ತಿದ್ದೆ. ಕಾಫಿ ಮಾಡುವುದು ಇವರ ಪಾಲಿಗೆ ಬಂತು. ಲೋಟಗಳನ್ನು ಇಡುವಾಗ ಸ್ವಲ್ಪ ಜೋರಾಗಿಯೇ ಇಡುತ್ತಿದ್ದರು. ಒಮ್ಮೆ ನಾನು, "ಸ್ವಲ್ಪ ಮೆಲ್ಲಗೆ ಇಡಿ, ಸ್ಪೀಕರ್ ಕೇಳಿಸ್ತಾ ಇಲ್ಲ" ಎಂದದ್ದೂ ಉಂಟು. ದೇವರು ಕ್ಷಮಿಸಲಿ.

ಇದ್ದಕ್ಕಿದ್ದಂತೆ ಸವಿತಾ ಬರುವುದು ನಿಂತಿತು. ಒಂದು ಭಾನುವಾರ ಬರಲಿಲ್ಲ, ಏನೋ ಕೆಲಸವಿರಬೇಕು ಎಂದುಕೊಂಡೆ. ಇನ್ನೊಂದು ಭಾನುವಾರವೂ ಬರಲಿಲ್ಲ. ಹುಚ್ಚೆಳ್ಳು ಚಟ್ನಿ ಹಾಗೇ ಉಳಿಯಿತು. ಆಗ ಒಂದು ಬೆಳಗ್ಗೆ ಇವರು, ಇದುವರೆಗೆ ನಾನು ಕಂಡಿಲ್ಲದ ಒಂದು ಬಗೆಯ ನಗು ನಗುತ್ತಾ ಬಂದು, "ಗಿರಿಜಾ, ಹೊಸ ವಿಡಿಯೋ ಬಂದಿದೆ. ನೋಡ್ತೀಯಾ?" ಎಂದು ಮೊಬೈಲನ್ನು ನನ್ನ ಮುಂದಿಟ್ಟರು.

ಅದು ಬೇರೆಯವರ ಮನೆ. ಬೇರೆ ಸೋಫಾ. ಸೋಫಾದ ಮೇಲೆ ನನ್ನ ವಯಸ್ಸಿನವರೇ ಆದ, ಕನ್ನಡಕ ಹಾಕಿದ ಒಬ್ಬರು. "ಕೃಷ್ಣಮೂರ್ತಿಪುರಂನ ನಮ್ಮ ಅಕ್ಕ ಇವತ್ತು ಎಡ್‌ಫೋನ್ ನೋಡ್ತವ್ರೆ" ಎಂದಳು ಸವಿತಾ. ನಮ್ಮ ಅಕ್ಕ! ಆ ಅಕ್ಕ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡು, ನಿಧಾನವಾಗಿ ಹೇಳಿದರು: "ಹಬ್ಬದ ದಿನ ಅಮ್ಮ ತಲೆಗೆ ಎಣ್ಣೆ ತಿಕ್ಕೋವಾಗ ಎರಡೂ ಅಂಗೈಲಿ ಕಿವಿ ಮುಚ್ಚಿಬಿಡ್ತಿದ್ರಲ್ಲ, ಆಗ ಮನೆ ಗಲಾಟೆಯೆಲ್ಲ ಎಲ್ಲೋ ದೂರ ಹೋಗ್ತಿತ್ತು. ಹಾಗಿದೆ."

ನಾನು ಮೊಬೈಲನ್ನು ಕೆಳಗಿಟ್ಟೆ. ಕೆಟ್ಟದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ವರ್ಷಗಟ್ಟಲೆ ಮಕ್ಕಳಿಗೆ ಅಲಂಕಾರ ಕಲಿಸಿದವಳಿಗೆ ಒಳ್ಳೆಯ ಉಪಮೆ ಕಂಡರೆ ಗೊತ್ತಾಗದೆ ಹೋಗುತ್ತದೆಯೇ? ಅದರ ಪಕ್ಕದಲ್ಲಿ ನನ್ನ ಬದನೆಕಾಯಿ ಸಂತೆಯಲ್ಲಿ ಉಳಿದುಹೋದ ಬದನೆಕಾಯಿಯ ಹಾಗೆ ಕಾಣಿಸಿತು. ಇವರು ಪಕ್ಕದಲ್ಲೇ ನಿಂತು, "ಏನಂದ್ರೂ ಆಯಮ್ಮ ಚೆನ್ನಾಗಿ ಹೇಳಿದ್ರು ಅಲ್ವಾ?" ಎಂದರು. ಎಷ್ಟೋ ದಿನಗಳ ಕಾಫಿಯ ಲೋಟಗಳೆಲ್ಲ ಆ ಒಂದು ಮಾತಿನಲ್ಲಿದ್ದವು. ನಾನು ಹಿತ್ತಿಲಿಗೆ ಹೋಗಿ, ಒಗೆದ ಬಟ್ಟೆಗಳನ್ನೇ ಮತ್ತೊಮ್ಮೆ ಹಿಂಡಿ ಒಣಹಾಕಿದೆ.

ತಡೆಯಲಾರದೆ ಸಂಜೆ ಫೋನ್ ಮಾಡಿದೆ, ಬಹಳ ಸಲೀಸಾದ ದನಿಯಲ್ಲಿ. "ಏನಮ್ಮ ಸವಿತಾ, ಈ ಕಡೆ ಬರೋದೇ ಬಿಟ್ಬಿಟ್ಟೆ? ಕೃಷ್ಣಮೂರ್ತಿಪುರಂ ಹತ್ತಿರ ಆಯ್ತೇನೋ?"

"ಅಯ್ಯೋ ಇಲ್ಲ ಕಣಕ್ಕ! ನಮ್ಮನೆಯವ್ರಿಗೆ ಜ್ವರ ಬಂದು ಮನೇಲೇ ಇದ್ಬುಟ್ಟೆ. ಆ ವಿಡಿಯೋ ಯಾವಾಗ್ಲೋ ಮಾಡಿ ಮಡಗಿದ್ದು. ನಾಳಿದ್ದು ಭಾನುವಾರ ಬತ್ತೀನಿ." ಆಮೇಲೆ ಸ್ವಲ್ಪ ದನಿ ತಗ್ಗಿಸಿ ಹೇಳಿದಳು: "ಅ‌ಕ್ಕಾ, ಆ ಅಕ್ಕನ್ನೂ ಕರ್ಕೊಂಡ್ ಬರ್ಲಾ? ಅವ್ರೇ ಕೇಳ್ತಾವ್ರೆ. ನಾನು ಓದಾಗೆಲ್ಲ ನಿಮ್ಮ ಸುದ್ದಿನೇ ಏಳ್ತಿದ್ನಾ, ಆ ಬದನೆಕಾಯಿ ಮಾತು ಕೇಳಿ ಕೇಳಿ ಅವ್ರಿಗೆ ಒಟ್ಟೆ ಉರಿದೋಗೈತಂತೆ. 'ಅಂಥಾದ್ದು ನಂಗೆ ಒಂದೂ ಒಳೆಯಲ್ವಲ್ಲ ಸವಿತಾ, ಯಾರವ್ರು, ಒಂದ್ಸಲ ನೋಡ್ಬೇಕು' ಅಂತ ಒಂದೇ ಸಮ ಅಂತಾವ್ರೆ."

ಫೋನ್ ಹಿಡಿದವಳು ಹಾಗೇ ಕುರ್ಚಿಯ ಮೇಲೆ ಕುಳಿತೆ. ಜೀವಮಾನವೆಲ್ಲ ನಾನು ಯಾರು ಯಾರನ್ನೋ ನೋಡಿ ಹೊಟ್ಟೆ ಉರಿಸಿಕೊಂಡಿದ್ದೇನೆ. ನನ್ನನ್ನು ಕಂಡು ಒಬ್ಬರು, ಅದೂ ಅಷ್ಟು ಒಳ್ಳೆಯ ಉಪಮೆ ಹೇಳಬಲ್ಲವರು, ಹೊಟ್ಟೆ ಉರಿಸಿಕೊಂಡದ್ದು ಇದೇ ಮೊದಲು. ಅವರ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ ಆ ಕ್ಷಣವೇ ಎದ್ದು ಹೋಗಿ ಕೈ ಹಿಡಿದುಕೊಳ್ಳೋಣ ಎನಿಸಿತು. "ಖಂಡಿತ ಕರ್ಕೊಂಡ್ ಬಾಮ್ಮ, ಊಟಕ್ಕೇ ಬರಲಿ" ಎಂದೆ. ಒಂದು ಕ್ಷಣ ಬಿಟ್ಟು, "ಅಂದ ಹಾಗೆ, ಭಾನುವಾರ ಯಾವ ಸಾಮಾನು ತರ್ತೀಯ?" ಎಂದು ಸುಮ್ಮನೆ ಕೇಳಿದೆ.

"ಕೀಬೋರ್ಡು ಕಣಕ್ಕ. ಇಬ್ರ ಕೈಗೂ ಒಟ್ಟಿಗೇ ಕೊಡ್ತೀನಿ, ಯಾರು ಏನಂತೀರೋ ನೋಡಾನ."

ಆ ಮಾತು ಕೇಳುತ್ತಲೇ ಫೋನ್ ಇಟ್ಟು ಹಾಲಿಗೆ ಬಂದೆ. ಕೊಕ್ಕರೆಗಳನ್ನು ನೋಡುತ್ತಾ ಕೂತಿದ್ದ ಇವರನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ, ನಾನು ಕುಳಿತು, ಕಣ್ಣು ಮುಚ್ಚಿ, ಒಂದೊಂದೇ ಗುಂಡಿಯನ್ನು ಮೆಲ್ಲಗೆ ಒತ್ತತೊಡಗಿದೆ.

"ಏನ್ ಮಾಡ್ತಿದ್ದೀಯ ಗಿರಿಜಾ? ಊಟಕ್ಕೆ ಹೊತ್ತಾಯ್ತು."

"ಸ್ವಲ್ಪ ಸುಮ್ನಿರ್ರೀ" ಎಂದೆ. "ಹೊಳೀತಾ ಇದೆ."